ಮೂರನೇ ಕುಳ ಬಿಚ್ಚುವ ಕಾಳಕ್ಕ

ಜವನಗೊಂಡನಹಳ್ಳಿ ಇನ್ನೂ ಕಣ್ಣು ಬಿಟ್ಟಿಲ್ಲ. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನ ಮುಂದೆ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಕಾಳಕ್ಕ ನೆಲಕ್ಕೆ ಕೆನ್ನೆ ತಾಗಿಸಿ ಅಡ್ಡಬಿದ್ದಿದ್ದಾರೆ. ಯಾವ ದೇವರಿಗೂ ಅಲ್ಲ, ಬಣ್ಣ ಮಾಸಿದ ಒಂದು ಹಳೇ ಟ್ರ್ಯಾಕ್ಟರಿಗೆ. ಅದರ ಬೆನ್ನಿಗೆ ಮೂರು ಕುಳದ ಪಲ್ಟಿ ನೇಗಿಲು ಜೋತುಬಿದ್ದಿದೆ. ಮಣ್ಣನ್ನು ಆಳಕ್ಕೆ ಸೀಳಿ, ಬುಡಮೇಲು ಮಗುಚಿ ಹಾಕುವ ದೊಡ್ಡ ಕಬ್ಬಿಣದ ನೇಗಿಲು ಅದು. ಕಾಳಕ್ಕ ಒಂದು ಕಣ್ಣು ಮುಚ್ಚಿ ಟ್ರ್ಯಾಕ್ಟರಿನ ಹೊಟ್ಟೆಯಡಿ ನೋಡುತ್ತಾರೆ, ಎದ್ದು ಸೀರೆಯ ಮಣ್ಣು ಕೊಡವುತ್ತಾರೆ, ಒಂದು ಸುತ್ತು ಹಾಕುತ್ತಾರೆ, ಮತ್ತೆ ಅಡ್ಡಬೀಳುತ್ತಾರೆ. ಹಿಂದಿನ ಎರಡು ಚಕ್ರಗಳ ನಡುವಿನ ಅಗಲಕ್ಕೆ ಒಂದು ಹುರಿ ಹಿಡಿದು, ಅದೇ ಹುರಿಯನ್ನು ನೇಗಿಲಿನ ಉದ್ದಗಲಕ್ಕೆ ಇಟ್ಟು ನೋಡಿ ತುಟಿ ಕಚ್ಚುತ್ತಾರೆ.

ಟ್ರ್ಯಾಕ್ಟರಿನ ಒಡೆಯ ಕೊಟ್ರೇಶ್ ಕೈಕಟ್ಟಿ ನಿಂತಿದ್ದಾರೆ. ಬಬ್ಬೂರು ಕಡೆಯ ರೈತ, ನಲವತ್ತರ ಆಸುಪಾಸು. ಕತ್ತಲಿರುವಾಗಲೇ ಮನೆ ಬಿಟ್ಟು ಸರ್ವೀಸ್ ರಸ್ತೆಯಲ್ಲಿ ಇಷ್ಟು ದೂರ ಬಂದವರು.

"ಹೆಂಗೈತೆ ಕಾಳಕ್ಕ?"

"ನೇಗಿಲು ಚೆನ್ನಾಗೈತೆ. ಟ್ರ್ಯಾಕ್ಟ್ರೂ ಚೆನ್ನಾಗೈತೆ. ಎರಡೂ ಒಂದೇ ಕಡೆ ಇರಬಾರ್ದು, ಅಷ್ಟೇ."

ಕೊಟ್ರೇಶ್ ನಗುತ್ತಾರೆ. ಕಾಳಕ್ಕ ನಗುವುದಿಲ್ಲ.

ಹಳೇ ಟ್ರ್ಯಾಕ್ಟರಿಗೆ ದೊಡ್ಡ ನೇಗಿಲು ಹೊಂದಿಸಿಕೊಡುವುದು ಕಾಳಕ್ಕನ ಕಸುಬು. ಹೀಗೊಂದು ಕಸುಬು ಇದೆ ಎಂಬುದೇ ಬಹಳ ಜನಕ್ಕೆ ಗೊತ್ತಿಲ್ಲ. ಶೆಡ್ಡಿಗೆ ಬೋರ್ಡಿಲ್ಲ. ಆದರೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಂದ ಟ್ರ್ಯಾಕ್ಟರುಗಳು ಹುಡುಕಿಕೊಂಡು ಬರುತ್ತವೆ. ಬರಲಾಗದ ಟ್ರ್ಯಾಕ್ಟರ್ ಇದ್ದರೆ ನಟ್ಟು ಬೋಲ್ಟು ಬಿಚ್ಚುವ ಪಾನಾಗಳು ತುಂಬಿದ ಗೋಣಿಚೀಲ ಹೆಗಲಿಗೇರಿಸಿ ಕಾಳಕ್ಕನೇ ಬಸ್ಸು ಹತ್ತುತ್ತಾರೆ. ಚೀಲ ಸೀಟಿನ ಕೆಳಗೆ ಉರುಳಿ ಸದ್ದು ಮಾಡುತ್ತದೆ ಅಂತ ಕಂಡಕ್ಟರುಗಳು ಗೊಣಗುವುದುಂಟು. "ನಿನ್ ಬಸ್ಸು ಮಾಡೋ ಸದ್ದಿಗಿಂತ ಕಮ್ಮೀನೇ ಐತೆ ಬಿಡಪ್ಪ" ಅಂದು ಇವರು ಕಿಟಕಿ ಕಡೆ ತಿರುಗುತ್ತಾರೆ.

ಹಳೇ ಟ್ರ್ಯಾಕ್ಟರು, ದೊಡ್ಡ ನೇಗಿಲು ಎಂಬ ಈ ಜೋಡಿಯ ತಾಪತ್ರಯ ಶುರುವಾಗಿದ್ದು ಹೀಗೆ. ದಾವಣಗೆರೆ ಕಡೆಯವರು ದೊಡ್ಡ ದೊಡ್ಡ ಟ್ರ್ಯಾಕ್ಟರು ಕೊಂಡು ನೇಗಿಲನ್ನೂ ಬದಲಾಯಿಸುತ್ತಾರೆ. ಅವರು ಬೇಡವೆಂದ ನೇಗಿಲು ನೆಂಟರಿಷ್ಟರ ಕೈ ದಾಟಿ ಇತ್ತ ಬರುತ್ತದೆ. ಇಲ್ಲಿ ಅದನ್ನು ಎಳೆಯಬೇಕಾದ್ದು ಅಪ್ಪನ ಕಾಲದ ಸಣ್ಣ ಟ್ರ್ಯಾಕ್ಟರ್. ಕೊಟ್ರೇಶ್ ಅವರದೂ ಇದೇ ಕಥೆ. ನೇಗಿಲು ಭಾವಮೈದುನ ಕೊಟ್ಟಿದ್ದು, ಟ್ರ್ಯಾಕ್ಟರು ಅವರು ಹೈಸ್ಕೂಲಿಗೆ ಹೋಗುವಾಗ ಅಪ್ಪ ತಂದದ್ದು. ಅವರ ಕಪ್ಪು ಮಣ್ಣಿನ ಎರೆ ಹೊಲವನ್ನು ಗರಿಕೆ ಹೊಕ್ಕಿದೆ. ಕುಂಟೆ ಹೊಡೆದಷ್ಟೂ ಬೇರು ತುಂಡಾಗಿ ಇನ್ನಷ್ಟು ಹಬ್ಬುತ್ತದೆ. ಬೇರಿನ ಸಮೇತ ಮಗುಚಿ ಬಿಸಿಲಿಗೆ ಒಡ್ಡದಿದ್ದರೆ ಈ ಮುಂಗಾರಿನ ಬಿತ್ತನೆಯೂ ಹುಲ್ಲಿನ ಪಾಲು. ಭರಣಿ ಮಳೆ ಒಂದು ಹದ ಬಿದ್ದರೆ ಎರೆ ಮಣ್ಣು ಕೆಲವೇ ದಿನ ಉಳುಮೆಗೆ ಒಪ್ಪುತ್ತದೆ. ಆ ದಿನ ತಪ್ಪಿದರೆ ಒಣಗಿ ಕಲ್ಲು, ಹೆಚ್ಚಾದರೆ ಅಂಟು.

"ಹೊಲಕ್ಕೆ ಇಳಿಸಿ ನೋಡಿದ್ಯಾ?" ಕಾಳಕ್ಕ ಬೋಲ್ಟಿಗೆ ಪಾನಾ ಹಾಕುತ್ತ ಕೇಳುತ್ತಾರೆ.

"ನೋಡ್ದೆ. ಸ್ವಲ್ಪ ಮೂತಿ ಎತ್ತುತ್ತೆ."

"ಎತ್ತಿದ್ರೆ ಏನ್ ಮಾಡ್ದೆ?"

"ನಮ್ಮ ಕೂಲಿಯಾಳು ಪಾಪಣ್ಣನ್ನ ಮುಂದೆ ಬಂಪರ್ ಮೇಲೆ ಕುಂಡ್ರಿಸ್ದೆ. ಇಳೀತು."

ಪಾನಾ ನಿಲ್ಲುತ್ತದೆ. ಶೆಡ್ಡಿನೊಳಗೆ ವೆಲ್ಡಿಂಗ್ ಮಾಡುತ್ತಿದ್ದ ಕಾಳಕ್ಕನ ಗಂಡ ಬೋರಣ್ಣನ ಕೈಯೂ ನಿಲ್ಲುತ್ತದೆ. ತಾನು ಏನು ಅಂದೆ ಎಂಬುದು ಕೊಟ್ರೇಶ್‌ಗೆ ತಿಳಿಯಲಿಲ್ಲ ಪಾಪ. ಯಾಕೆಂದರೆ ಅವರು ಅಂದದ್ದರಲ್ಲಿ ಈ ಸೀಮೆಗೆ ಹೊಸದೇನೂ ಇಲ್ಲ. ನೆಲ ಕಚ್ಚಿದ ನೇಗಿಲು ಹಿಂದಕ್ಕೆ ಜಗ್ಗುತ್ತದೆ, ಎಂಜಿನ್ ಮುಂದಕ್ಕೆ ಒದ್ದಾಡುತ್ತದೆ, ಮುಂದಿನ ಚಕ್ರಗಳು ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತವೆ. ಆಗ ಸ್ಟೇರಿಂಗ್ ಇದ್ದೂ ಇಲ್ಲದ ಹಾಗೆ. ಮೂತಿ ಕೆಳಗಿಳಿಸಲು ಮುಂದೆ ಭಾರ ಬೇಕು. ಕಲ್ಲು ಕಟ್ಟೋಣವೆಂದರೆ ಕಲ್ಲು ಹುಡುಕಬೇಕು, ಹಗ್ಗ ಹುಡುಕಬೇಕು. ಮನುಷ್ಯನಾದರೆ ಕರೆದರೆ ಬರುತ್ತಾನೆ, ತಾನೇ ಹತ್ತಿ ಕೂರುತ್ತಾನೆ. ಕಾಳಕ್ಕನಿಗೆ ಸಿಟ್ಟು ಬರುವುದು ಇದಕ್ಕೇ.

ಬೋರಣ್ಣ ಹಾಗೆ ಕೂತವರು. ಆಗ ಈ ಶೆಡ್ಡಿನ ಹೊಂದಿಸುವ ಕೆಲಸವೆಲ್ಲ ಅವರದೇ. ಕೆರೆ ಹಿಂದಿನ ಹೊಲವೊಂದಕ್ಕೆ ನೇಗಿಲು ಜೋಡಿಸಿ ಕೊಟ್ಟಿದ್ದರು. ಮೊದಲ ಸಾಲಿಗೇ ಟ್ರ್ಯಾಕ್ಟರ್ ಮೂತಿ ಎತ್ತಿತು. ನೋಡಲು ಬಂದಿದ್ದ ನಾಲ್ಕು ಜನ ಕಿಸಕ್ಕೆಂದರು. ತಾವು ಜೋಡಿಸಿದ ನೇಗಿಲಿನ ಮಾನ ಹೋಗಬಾರದೆಂದು ಬೋರಣ್ಣ ತಾವೇ ಹೋಗಿ ಬಂಪರ್ ಏರಿ ಕೂತರು. ಎಲ್ಲ ಗೊತ್ತಿದ್ದೂ ಕೂತರು. ನೇಗಿಲು ಯಾವುದೋ ಗಟ್ಟಿ ಪದರಕ್ಕೆ ಸಿಕ್ಕು ಮೂತಿ ಮೇಲೆದ್ದಿತು, ಡ್ರೈವರ್ ಗಾಬರಿಯಲ್ಲಿ ಕ್ಲಚ್ ತುಳಿದ, ಎದ್ದ ಮೂತಿ ಧೊಪ್ಪನೆ ಬಿತ್ತು. ಬೋರಣ್ಣ ಚಕ್ರದ ಮುಂದೆ ಬಿದ್ದಿದ್ದರು, ಚಕ್ರ ಸೊಂಟದ ಮೇಲೆ ಬಂತು. ಸೊಂಟದ ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ಈಗ ಚಕ್ರ ಹಾಕಿದ ಮಣೆಯ ಮೇಲೆ ಕೂತು ವೆಲ್ಡಿಂಗ್ ಮಾಡುತ್ತಾರೆ.

"ನಮ್ಮನೇಲಿ ಕುಂತ್ಕಳೋ ಕೆಲ್ಸ ಅವ್ರು ಮಾಡ್ತಾರೆ, ತಿರುಗೋ ಕೆಲ್ಸ ನಾನು ಮಾಡ್ತೀನಿ" ಅನ್ನುತ್ತಾರೆ ಕಾಳಕ್ಕ. ಒಳಗಿನಿಂದ ಬೋರಣ್ಣನ ದನಿ ಬರುತ್ತದೆ: "ನನ್ನ ಸೊಂಟ ಮುರೀದಿದ್ರೂ ಇವ್ಳು ಕುಂತ್ಕತಿರ್ಲಿಲ್ಲ ಕಣ್ರಿ. ಮದ್ವೆ ಮಂಟಪದಾಗೇ ಎರಡು ಸಲ ಎದ್ದೋಳು."

ಅದು ನಿಜ. ಕಾಳಕ್ಕನ ಕಾಲು ಕುರಿ ಹಿಂದೆ ಸುತ್ತಿದ ಕಾಲು. ತವರಿನಲ್ಲಿ ಅಪ್ಪನ ಹಿಂಡಿನ ಜೊತೆ ಸುಗ್ಗಿ ಮುಗಿದ ಹೊಲದಿಂದ ಹೊಲಕ್ಕೆ ನಡೆದವರು, ಮದುವೆಯಾಗಿ ಬಂದಮೇಲೂ ಹಿಂಡು ಬಿಡಲಿಲ್ಲ. ಗಂಡ ಮಲಗಿದಾಗ ಕುರಿ ಮಾರಿ ಆಸ್ಪತ್ರೆಗೆ ಹಾಕಿದರು, ಆಮೇಲೆ ಪಾನಾ ಹಿಡಿದರು. ಕಲಿಸಿದ್ದು ಬೋರಣ್ಣನೇ. ಮಂಚದ ಮೇಲೆ ಮಲಗಿ ಬಾಯಲ್ಲಿ ಹೇಳುವುದು, ಇವರು ಹೋಗಿ ಮಾಡಿ ಬಂದು ಏನಾಯಿತೆಂದು ಹೇಳುವುದು, ಅವರು ಬೈಯುವುದು, ಇವರು ಮತ್ತೆ ಹೋಗುವುದು. ಹೆಂಗಸಿನ ಕೈಯಲ್ಲಿ ನೇಗಿಲು ಕಟ್ಟಿಸುವುದೇ ಅಂತ ಮುಖ ತಿರುಗಿಸಿದವರು ಕೆಲವರಿದ್ದರು. ಅವರ ಟ್ರ್ಯಾಕ್ಟರುಗಳು ಹೊಲದಲ್ಲಿ ಹೊಗೆ ಕಾರಿದ ಮೇಲೆ ಮುಖ ಇತ್ತ ತಿರುಗಿತು. ಈಗ ಮಳೆಯ ಹದ ಇರುವ ವಾರಗಳಲ್ಲಿ ದಿನಕ್ಕೆ ಮೂರು ನಾಲ್ಕು ಕಡೆಯಿಂದ ಕರೆ. ಹದ ಹೋದರೆ ವಾರಗಟ್ಟಲೆ ಒಂದೂ ಇಲ್ಲ. ಆ ದಿನಗಳಲ್ಲಿ ಕುಡುಗೋಲಿಗೆ ಹಿಡಿ, ಕುಂಟೆಗೆ ತಾಳು ಹಾಕುವಂಥ ಸಿಕ್ಕಿದ ಕೆಲಸ.

ಕಾಳಕ್ಕ ಮಾಡುವುದಾದರೂ ಏನು? ಮೊದಲನೆಯದಾಗಿ, ಆಸೆ ಕಡಿಮೆ ಮಾಡುತ್ತಾರೆ. ಮೂರು ಕುಳದ ನೇಗಿಲಿನಲ್ಲಿ ಕೊನೆಯದನ್ನು ಬಿಚ್ಚುತ್ತಾರೆ. ಕುಳವೆಂದರೆ ಇಲ್ಲಿ ಬರೀ ಚೂಪು ತುದಿಯಲ್ಲ, ಮಣ್ಣು ಮಗುಚುವ ರೆಕ್ಕೆಯೂ ಸೇರಿದ ಇಡೀ ಭಾಗ, ಇಬ್ಬರು ಹಿಡಿದು ಎತ್ತಬೇಕು. ಅದು ಹೋದರೆ ಜಗ್ಗುವುದೂ ಕಡಿಮೆ, ಹಿಂದೆ ದೂರದಲ್ಲಿ ನೇತಾಡುವ ಭಾರವೂ ಕಡಿಮೆ. ನೇಗಿಲು ಗಿಡ್ಡವಾಯಿತೆಂದರೆ ಅದಕ್ಕೆ ತಕ್ಕ ಹಾಗೆ ಹಿಂದಿನ ಚಕ್ರಗಳನ್ನು ಕಳಚಿ, ತಿರುಗಿಸಿ ಹಾಕಿ ಒಳಗೆ ತರಬೇಕು. ಇಲ್ಲದಿದ್ದರೆ ಟ್ರ್ಯಾಕ್ಟರ್ ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ. ಆಮೇಲೆ ನೇಗಿಲನ್ನು ಟ್ರ್ಯಾಕ್ಟರಿಗೆ ಹಿಡಿದಿಡುವ ಮೇಲಿನ ಕೊಂಡಿ ಎಷ್ಟು ಬಿಗಿ ಇರಬೇಕು, ಟೈರಿನೊಳಗೆ ಎಷ್ಟು ನೀರು ತುಂಬಬೇಕು, ಮುಂದೆ ಎಷ್ಟು ಕಬ್ಬಿಣದ ಬಿಲ್ಲೆ ಹಾಕಬೇಕು ಎಂಬುದು. ಕೊಟ್ರೇಶ್ ನೇಗಿಲಿನ ಮೂರನೇ ಕುಳ ಬಿಚ್ಚಿ, ಟ್ರ್ಯಾಕ್ಟರಿನ ಮೂತಿಗೆ ಅವರು ಎರಡು ಬಿಲ್ಲೆ ಬಿಗಿಯುತ್ತಾರೆ.

"ಎಳೇ ಹೋರಿನ ಎತ್ತಿನ ಜೊತೆ ನೊಗಕ್ಕೆ ಕಟ್ಟಿದ್ರೆ ಏನಾಗ್ತದೆ? ಎರಡೂ ಹಾಳಾಗ್ತವೆ. ಇದೂ ಅಷ್ಟೇಯ" ಎಂಬುದು ಅವರ ಒಟ್ಟು ವಿದ್ಯೆಯ ಸಾರ.

ಬಿಚ್ಚಿದ ಕುಳವನ್ನು ಅವರು ಒಡೆಯರ ಕೈಗೆ ಕೊಡುವುದಿಲ್ಲ. ಹೊಲದಲ್ಲಿ ಮೊದಲ ಸಾಲು ತಾವು ಕಣ್ಣಾರೆ ನೋಡಿ, ಟ್ರ್ಯಾಕ್ಟರ್ ಮೂತಿ ನೆಲದಲ್ಲೇ ಇದೆ ಎಂದು ಖಾತ್ರಿಯಾಗುವ ತನಕ ಅದು ಶೆಡ್ಡಿನಲ್ಲೇ ಇರಬೇಕು. ಇದು ಬೋರಣ್ಣ ಬಿದ್ದಮೇಲೆ ಕಾಳಕ್ಕನೇ ಮಾಡಿಕೊಂಡ ಕಟ್ಟಳೆ. ಶೆಡ್ಡಿನ ಗೋಡೆಗೆ ಊರೂರಿನ ಕುಳಗಳು ಸಾಲಾಗಿ ಒರಗಿವೆ, ಮೇಲೆ ಸುಣ್ಣದ ಕಡ್ಡಿಯಲ್ಲಿ ಊರಿನ ಹೆಸರು. ಕೆಲವರು ದೊಡ್ಡ ಟ್ರ್ಯಾಕ್ಟರ್ ಕೊಂಡಾಗ ಬಂದು ಒಯ್ದಿದ್ದಾರೆ, ಕೆಲವರು ಮರೆತೇಬಿಟ್ಟಿದ್ದಾರೆ. ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ ಅಂದುಕೊಂಡರೆ ತಪ್ಪು. ಪ್ರತಿಯೊಬ್ಬರೂ ಮುಖ ಸಣ್ಣ ಮಾಡುತ್ತಾರೆ. ಮೂರು ಕುಳದ ನೇಗಿಲು ತಂದು ಎರಡರಲ್ಲಿ ಉತ್ತರೆ ಊರಿನವರು ಏನಂದಾರು?

ಕೊಟ್ರೇಶ್ ಕೂಡ ಮುಖ ಸಣ್ಣ ಮಾಡಿಯೇ ಟ್ರ್ಯಾಕ್ಟರ್ ಹತ್ತುತ್ತಾರೆ. ಹೊತ್ತು ಸಾಕಷ್ಟು ಏರಿದೆ.

"ಹದ ಬಂದ ದಿನ ಫೋನ್ ಮಾಡು. ನಾನ್ ಬರೋವರ್ಗೂ ಹೂಡಬ್ಯಾಡ" ಅಂದು ಕಾಳಕ್ಕ ಚಕ್ರದ ನಟ್ಟನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ. "ಮತ್ತೆ ಪಾಪಣ್ಣ ಆಗ್ಲಿ ಇನ್ನೊಬ್ಬ ಆಗ್ಲಿ, ಮುಂದೆ ಹತ್ತಿಸಿದ್ರೆ ನನಗೆ ಗೊತ್ತಾಗ್ತದೆ."

"ಇಲ್ಲ ಬಿಡಕ್ಕ, ನಾನೇನು ಮಗೂನ?"

ಮಳೆ ಅದೇ ಸಂಜೆ ಬರುತ್ತದೆ. ಒಂದು ಹದ, ಹೇಳಿ ಮಾಡಿಸಿದ ಹಾಗೆ.

ಮಳೆ ಬಿದ್ದ ಮಾರನೇ ದಿನ ಕಾಳಕ್ಕ ಚಿಕ್ಕಜಾಜೂರಿನಲ್ಲಿದ್ದಾರೆ. ಕೆಂಪು ಮಣ್ಣು ಬೇಗ ಹದಕ್ಕೆ ಬರುವುದರಿಂದ ಮೊದಲ ಕರೆ ಆ ಕಡೆಯಿಂದ. ಅಲ್ಲಿನ ರೈತ ಶಿವಕುಮಾರಪ್ಪ ಟ್ರ್ಯಾಕ್ಟರಿಗೆ ವಯಸ್ಸಾಯಿತು, ನೇಗಿಲು ಎಳೆಯಲಾರದು ಅಂತ ಮಾರಲು ಹೊರಟಿದ್ದಾರೆ. ಕಾಳಕ್ಕ ಒಂದು ಸಾಲು ಪಕ್ಕದಲ್ಲೇ ನಡೆದು, ಮೇಲಿನ ಕೊಂಡಿಯನ್ನು ಒಂದಿಷ್ಟು ಸಡಿಲ ಮಾಡುತ್ತಾರೆ. ಮೂಗು ನೆಲಕ್ಕೆ ಚುಚ್ಚಿಕೊಂಡು ಹೆಣಗುತ್ತಿದ್ದ ನೇಗಿಲು ಸಮನಾಗಿ ಕೂತು ಸಲೀಸಾಗಿ ಓಡುತ್ತದೆ. "ವಯಸ್ಸು ನಿಮಗೂ ಆಗೈತೆ, ನೀವು ಕೆಲ್ಸ ಮಾಡ್ತಿಲ್ವಾ ಗೌಡ್ರೆ?" ಅಂತ ಅವರನ್ನು ನಗಿಸಿ, ಕೊಟ್ಟ ಮಂಡಕ್ಕಿಯನ್ನು ನಿಂತೇ ತಿಂದು, ಬಸ್ಸಿಗೆ ಓಡುತ್ತಾರೆ. ಯಾಕೋ ಮನಸ್ಸು ನಿಲ್ಲುತ್ತಿಲ್ಲ. ಕೊಟ್ರೇಶ್ ಫೋನ್ ಮಾಡಿಲ್ಲ. ಇವರೇ ಮಾಡಿದರೆ ಸ್ವಿಚ್ ಆಫ್. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ, ಹಿರಿಯೂರಿನಲ್ಲಿ ಒಮ್ಮೆ, ಮತ್ತೆ ಅದೇ ಉತ್ತರ.

ಸಂಜೆ ಶೆಡ್ಡಿಗೆ ಬಂದವರೇ ಗೋಡೆ ನೋಡುತ್ತಾರೆ. ಬಬ್ಬೂರಿನ ಕುಳ ಒರಗಿದ್ದ ಜಾಗ ಖಾಲಿ ಇದೆ.

"ಎಲ್ಲಿ ಅದು?"

ಬೋರಣ್ಣ ಮಣೆ ಸರಿಸಿಕೊಂಡು ಈಚೆ ಬರುತ್ತಾರೆ. "ಕೊಟ್ರೇಶ ಲಗೇಜ್ ಆಟೋ ತಗಂಡು ಬಂದಿದ್ದ. ಪೂಜೆಗೆ ಬೇಕಂತೆ. ಅವ್ರಮ್ಮ ಹೇಳೈತೆ, ಮೊದಲ್ನೇ ಸಲ ಹದದಾಗೆ ಹೂಡೋ ನೇಗಿಲು, ಅರೆಬರೆ ಸಾಮಾನಿಗೆ ಪೂಜೆ ಮಾಡಬಾರ್ದು ಅಂತ. ಪೂಜೆ ಮುಗಿಸ್ಕಂಡು ಮನೇಲೇ ಇಟ್ಕತೀನಿ ಅಂದ."

"ನೀನು ಕೊಟ್ಟೆ."

"ಪೂಜೆಗೆ ಅಂದ್ರೆ ಹೆಂಗೆ ಇಲ್ಲ ಅನ್ನಾದು?"

ಕಾಳಕ್ಕನಿಗೆ ಬೈಯಲು ಬಾಯಿ ಬರುವುದಿಲ್ಲ. ಬೋರಣ್ಣನ ಮುಖವೇ ಬಿಳಿಚಿಕೊಂಡಿದೆ. ಕೊಟ್ರೇಶ್ ಸುಳ್ಳು ಹೇಳುವವರಲ್ಲ ಎಂಬುದು ಇಬ್ಬರಿಗೂ ಗೊತ್ತು. ಆದರೆ ಪೂಜೆ ಮಾಡಬೇಕಾದರೆ ಕುಳವನ್ನು ನೇಗಿಲಿಗೆ ಕೂಡಿಸಬೇಕು. ಕೂಡಿಸಿ ವಿಭೂತಿ ಎಳೆದು, ಕುಂಕುಮವಿಟ್ಟು, ಕಾಯಿ ಒಡೆದಮೇಲೆ ಅದನ್ನು ಬಿಚ್ಚುವ ಎದೆ ಯಾರಿಗಿದೆ? ಪೂಜೆಯಾದ ಸಾಮಾನನ್ನು ಮುರಿದು ಬೇರೆ ಮಾಡುವುದು ಈ ಕಡೆ ಯಾರ ಮನಸ್ಸಿಗೂ ಒಗ್ಗದ ಮಾತು. ಆ ಎರೆ ಹೊಲ ಬೆಳಗಾಗುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ ಎಂಬುದೂ ಇಬ್ಬರಿಗೂ ಗೊತ್ತು. ಬೋರಣ್ಣ ಅಂದು ಊಟಕ್ಕೆ ಕೈ ಹಾಕಲಿಲ್ಲ. ಕಾಳಕ್ಕ ಕೂಡ ಅಷ್ಟೇ.

ಬೆಳಗಿನ ಮೊದಲ ಬಸ್ಸಿನಲ್ಲಿ ಕಾಳಕ್ಕ ಬಾಗಿಲ ಹತ್ತಿರವೇ ನಿಂತಿದ್ದಾರೆ, ಸೀಟುಗಳು ಖಾಲಿ ಇದ್ದರೂ. ಹಿರಿಯೂರಿನಲ್ಲಿ ಇಳಿದು ಆಟೋ ಹಿಡಿಯುತ್ತಾರೆ. ಡ್ರೈವರ್ ಬೀಡಿ ಹಚ್ಚಲು ಹೋದರೆ "ಆಮೇಲೆ ಸೇದುವಂತೆ, ನಡಿಯಪ್ಪ" ಅನ್ನುತ್ತಾರೆ. ಬಬ್ಬೂರು ಫಾರಂ ದಾಟಿ, ಆಟೋ ಮುಂದೆ ಹೋಗದ ಕಡೆ ಇಳಿದು, ನಾಲೆ ಏರಿಯ ಮೇಲೆ ಚೀಲ ಹೊತ್ತು ಅರ್ಧ ನಡಿಗೆ ಅರ್ಧ ಓಟ. ಹೊಲ ಕಾಣುವ ಮೊದಲೇ ಕಿವಿಗೆ ಬೀಳುತ್ತದೆ. ಎಂಜಿನ್ ಸದ್ದು ಏರುತ್ತದೆ, ಉಸಿರು ಕಟ್ಟಿದ ಹಾಗೆ ತಗ್ಗುತ್ತದೆ, ಮತ್ತೆ ಏರುತ್ತದೆ. ಜಾಲಿ ಸಾಲಿನ ಮೇಲೆ ಕಪ್ಪು ಹೊಗೆ ಏಳುತ್ತಿದೆ.

ಬದುವಿನ ಮೇಲೆ ನಾಲ್ಕೈದು ಜನ ನಿಂತಿದ್ದಾರೆ. ಪೂಜೆಯ ತಟ್ಟೆ ಹಿಡಿದು ಕೊಟ್ರೇಶ್ ಅವರ ತಾಯಿ ವೀರಮ್ಮ. ಹೊಲದ ನಡುವೆ ಟ್ರ್ಯಾಕ್ಟರ್, ಹಿಂದೆ ಹೂವಿನ ಹಾರ ಸುತ್ತಿದ ಮೂರು ಕುಳದ ನೇಗಿಲು. ಮುಂದೆ, ಕಾಳಕ್ಕ ಕೈಯಾರೆ ಬಿಗಿದ ಬಿಲ್ಲೆಗಳ ಮೇಲೆಯೇ, ಪಾಪಣ್ಣ ಕೂತಿದ್ದಾರೆ. ಎರಡೂ ಕೈಯಲ್ಲಿ ಬಾನೆಟ್ಟಿನ ಅಂಚು ಹಿಡಿದು, ಬೆನ್ನು ದಾರಿಗೆ ಮಾಡಿ. ಮೂತಿ ಮೆಲ್ಲಗೆ ಏಳುತ್ತದೆ, ಪಾಪಣ್ಣನ ಕಾಲುಗಳೂ ಅದರ ಜೊತೆ ಏಳುತ್ತವೆ, ಒಂದು ಸಲ ತೂಗಿ ಕೆಳಗೆ ಬೀಳುತ್ತದೆ. ಬದುವಿನ ಮೇಲಿದ್ದವರು ನಗುತ್ತಾರೆ. ಪಾಪಣ್ಣನೂ ನಗುತ್ತಾರೆ.

ಕಾಳಕ್ಕನ ಚಪ್ಪಲಿ ಎರೆಯಲ್ಲಿ ಹೂತುಹೋಗುತ್ತದೆ. ಅದನ್ನು ಅಲ್ಲೇ ಬಿಟ್ಟು, ಚೀಲವನ್ನೂ ಬಿಸಾಡಿ, ಬರಿಗಾಲಲ್ಲಿ ಹೊಲಕ್ಕೆ ನುಗ್ಗುತ್ತಾರೆ. ಕೂಗಿದರೆ ಎಂಜಿನ್ ಸದ್ದಿಗೆ ಯಾರಿಗೂ ಕೇಳದು. ನೇರ ಹೋಗಿ ಟ್ರ್ಯಾಕ್ಟರಿನ ದಾರಿಗೆ ಅಡ್ಡ ನಿಂತು ಎರಡೂ ಕೈ ಎತ್ತುತ್ತಾರೆ. ಕೊಟ್ರೇಶ್ ಅವರನ್ನು ಕಂಡು ಕ್ಲಚ್ ಕಡೆ ಕಾಲು ಒಯ್ಯುತ್ತಾರೆ.

"ಕ್ಲಚ್ ತುಳೀಬ್ಯಾಡ!" ಕಾಳಕ್ಕ ಕೈಯಲ್ಲೇ ಸನ್ನೆ ಮಾಡುತ್ತಾರೆ. "ಆಕ್ಸಿಲೇಟರ್ ಇಳ್ಸು. ನೇಗಿಲು ಎತ್ತು ಮೆಲ್ಲಗೆ. ಮೆಲ್ಲಗೆ!"

ನೇಗಿಲು ನೆಲ ಬಿಡುತ್ತದೆ, ಮೂತಿ ಇಳಿಯುತ್ತದೆ, ಟ್ರ್ಯಾಕ್ಟರ್ ಅವರಿಂದ ಒಂದು ಮಾರು ದೂರದಲ್ಲಿ ನಿಲ್ಲುತ್ತದೆ.

"ಇಳಿ ಪಾಪಣ್ಣ."

ಪಾಪಣ್ಣ ಇಳಿಯುತ್ತಾರೆ. ಕೊಟ್ರೇಶ್ ಸೀಟಿನಲ್ಲೇ ತಲೆ ತಗ್ಗಿಸಿದ್ದಾರೆ. "ಬಿಚ್ಚಾಣ ಅಂತಲೇ ಇದ್ದೆ ಅಕ್ಕ. ಪೂಜೆ ಆಗೋಯ್ತು. ಅಯ್ನೋರು ಬೆಳಿಗ್ಗೆ ಹೂಡ್ರಿ ಅಂತ ಹೊತ್ತು ಇಟ್ಟುಕೊಟ್ರು. ಕುಂಕುಮ ಹಚ್ಚಿದ್ದನ್ನ ಬಿಚ್ಚಬ್ಯಾಡ ಅಂದ್ರು ಎಲ್ಲಾರೂ. ಫೋನ್ ನೋಡಿದ್ರೆ ಚಾರ್ಜಿಲ್ಲ..."

"ಎಲ್ಲಾರೂ ಅಂದ್ರೆ ನಾನೇ ಅಂದಿದ್ದು" ಅನ್ನುತ್ತ ವೀರಮ್ಮ ಬದುವಿನಿಂದ ಇಳಿದು ಬರುತ್ತಾರೆ. ಎತ್ತರದ ಹೆಂಗಸು, ಕೊರಳಲ್ಲಿ ಶಿವದಾರ, ದನಿಯಲ್ಲಿ ಸಿಟ್ಟಿದೆ. "ಪೂಜೆ ಆಗಿರೋದನ್ನ ಮುರಿಯಾದು ಒಳ್ಳೇದಲ್ಲ ಕಾಳಕ್ಕ. ನಾಳೆ ಹೊಲದಾಗೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

ಕಾಳಕ್ಕನ ಎದೆ ಇನ್ನೂ ಏರಿಳಿಯುತ್ತಿದೆ. ಸೀರೆ ಮೊಣಕಾಲವರೆಗೆ ಎರೆ ಮಣ್ಣು. ಇವರ ಬಾಯಿಗೆ ಊರೆಲ್ಲ ಹೆದರುತ್ತದೆ, ಈಗ ಏನನ್ನುತ್ತಾರೋ ಅಂತ ಬದುವಿನ ಮೇಲಿದ್ದವರು ಕಾಯುತ್ತಾರೆ. ಆದರೆ ಬಂದದ್ದು ತಗ್ಗಿದ ದನಿ.

"ವೀರಮ್ಮನೋರೆ, ಗಣಪ್ಪನ್ನ ತರ್ತೀರಿ. ಪೂಜೆ ಮಾಡ್ತೀರಿ, ಕಡುಬು ಇಡ್ತೀರಿ. ಆಮೇಲೆ?"

"ಆಮೇಲೇನು, ಕಳಸ್ತೀವಿ. ನೀರಿಗೆ ಬಿಡ್ತೀವಿ."

"ಪೂಜೆ ಮಾಡಿದ್ ದೇವ್ರನ್ನೇ ಕಳಿಸಿಕೊಡ್ತೀವಿ ತಾಯಿ. ಆವಾಗ ದೋಷ ಬರಲ್ಲ. ಒಂದು ಕುಳ ಇಳಿಸಿದ್ರೆ ಬರ್ತದಾ? ಇದನ್ನೂ ಹಂಗೇ ಕಳಸಾಣ. ಮುರಿಯಾದು ಬ್ಯಾಡ. ಕಳಸಾಣ."

ವೀರಮ್ಮ ತಟ್ಟೆ ನೋಡುತ್ತಾರೆ, ನೇಗಿಲು ನೋಡುತ್ತಾರೆ. ಆಮೇಲೆ ಪಾಪಣ್ಣನ ಕಡೆ ನೋಡುತ್ತಾರೆ. ಪಾಪಣ್ಣ ಅಲ್ಲೇ ನಿಂತು, ತಾವು ಇಷ್ಟು ಹೊತ್ತು ಕೂತಿದ್ದ ಜಾಗವನ್ನೂ ಅದರ ಕೆಳಗಿನ ಚಕ್ರವನ್ನೂ ಮೊದಲ ಸಲ ಕಂಡವರ ಹಾಗೆ ನೋಡುತ್ತಿದ್ದಾರೆ. ವೀರಮ್ಮ ತಂಬಿಗೆ ತೆಗೆದುಕೊಂಡು ನೇಗಿಲಿನ ಹಿಂದೆ ಹೋಗುತ್ತಾರೆ, ಕೊನೆಯ ಕುಳದ ಮೇಲೆ ನೀರು ಹೊಯ್ದು ಕುಂಕುಮ ತೊಳೆಯುತ್ತಾರೆ, ಹಾರ ಬಿಚ್ಚಿ ಉಳಿದೆರಡಕ್ಕೆ ಸುತ್ತುತ್ತಾರೆ, ಕೈ ಮುಗಿಯುತ್ತಾರೆ.

"ಬಿಚ್ಚವ್ವ" ಅನ್ನುತ್ತಾರೆ.

ಕೊಟ್ರೇಶ್ ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗುತ್ತಾರೆ, ಕಾಳಕ್ಕ ಕೆಳಗಿನಿಂದ ಹಿಡಿದುಕೊಳ್ಳುತ್ತಾರೆ. ಕುಳವನ್ನು ಇಬ್ಬರೂ ಹೊತ್ತು ಬದುವಿನ ಬೇವಿನ ಬುಡದಲ್ಲಿ ಇಡುತ್ತಾರೆ. ವೀರಮ್ಮ ಅದರ ಮುಂದೆ ಒಂದು ಬಾಳೆಹಣ್ಣು ಇಡುತ್ತಾರೆ. ಪಾಪಣ್ಣನಿಗೆ ಮಾತ್ರ ಇನ್ನೊಂದು ಚಿಂತೆ.

"ನಾನು ಇಳಿದ್ರೆ ನನ್ನ ಕೂಲಿ ಹೆಂಗೆ ಕಾಳಕ್ಕ?"

ಕಾಳಕ್ಕನಿಗೆ ಇಷ್ಟು ಹೊತ್ತಿಗೆ ಮೊದಲ ಸಲ ನಗು ಬರುತ್ತದೆ. ಬಂದದ್ದು ನಿಲ್ಲುವುದೇ ಇಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. "ಕುಂತು ಉಣ್ಣೋ ಕೆಲ್ಸ ಸಿಕ್ಕಿತ್ತು ಪಾಪ, ನಾನು ಬಂದು ಕಳೆದೆ. ನೇಗಿಲ ಹಿಂದೆ ನಡಿಯಪ್ಪ, ಗರಿಕೆ ಬೇರು ಆರಿಸಿ ಬದುವಿಗೆ ಹಾಕು. ಅದೇ ಕೂಲಿ ಕೊಡ್ತಾನೆ ಕೊಟ್ರೇಶಿ. ಏನಪ್ಪ?"

"ಕೊಡ್ತೀನಿ ಅಕ್ಕ" ಅನ್ನುತ್ತಾರೆ ಕೊಟ್ರೇಶ್.

ಕಾಳಕ್ಕ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ ಉದುರಿಸಿ ನೋಡುತ್ತಾರೆ. ಹದ ಇನ್ನೂ ಇದೆ. ಟ್ರ್ಯಾಕ್ಟರ್ ಮತ್ತೆ ಹೊರಡುತ್ತದೆ. ಕಾಳಕ್ಕ ಪಕ್ಕದಲ್ಲೇ ಬಗ್ಗಿಕೊಂಡು ನಡೆಯುತ್ತಾರೆ, ಕಣ್ಣು ಮುಂದಿನ ಚಕ್ರದ ಮೇಲೆ. ಅವರು ನೋಡುವುದು ಚಕ್ರವನ್ನಲ್ಲ, ಅದು ಬಿಟ್ಟುಹೋಗುವ ಗುರುತನ್ನು. ಟೈರಿನ ಗೆರೆ ಮಣ್ಣಿನಲ್ಲಿ ತುದಿಯಿಂದ ತುದಿಗೆ ಒಂದೇ ಸಮ ಮೂಡಿದರೆ ಮೂತಿ ನೆಲದಲ್ಲಿದೆ ಎಂದರ್ಥ. ಎಲ್ಲಾದರೂ ಮಸುಕಾದರೆ ಅಲ್ಲಿ ಎದ್ದಿತ್ತು. ಮೊದಲ ಸಾಲಿನಲ್ಲಿ ಒಂದು ಕಡೆ ಮಸುಕಾಗುತ್ತದೆ. ನಿಲ್ಲಿಸಿ, ಕೊಂಡಿಯನ್ನು ಚೂರು ತಿರುಗಿಸಿ, ಮತ್ತೆ ಹೊರಡಿಸುತ್ತಾರೆ. ಎರಡನೇ ಸಾಲಿಗೆ ಗೆರೆ ಎಲ್ಲೂ ತುಂಡಾಗುವುದಿಲ್ಲ. ಎಂಜಿನ್ ಸದ್ದು ಒಂದೇ ಹದದಲ್ಲಿ ಇದೆ, ಹೊಗೆ ತಿಳಿಯಾಗಿದೆ. ಕಪ್ಪು ಮಣ್ಣು ಮಗುಚಿ ಬೀಳುತ್ತಿದೆ, ಅದರ ಮೈಯಲ್ಲೆಲ್ಲ ಗರಿಕೆಯ ಬಿಳಿ ಬೇರು ಹೊಳೆಯುತ್ತಿದೆ. ಮೂರು ಕುಳದಲ್ಲಿ ಒಂದು ದಿನಕ್ಕೆ ಮುಗಿಯುವ ಹೊಲಕ್ಕೆ ಎರಡರಲ್ಲಿ ಒಂದೂವರೆ ದಿನ ಹಿಡಿಯಬಹುದು. ವೀರಮ್ಮ ಬದುವಿನ ಮೇಲೆ ಸೆರಗು ಹೊದ್ದು ನಿಂತು ನೋಡುತ್ತಾರೆ.

ನಿಮಗೆ ಏನಾಗಬೇಕೆಂಬ ಆಸೆ ಎಂದು ಕೇಳಿದರೆ ಕಾಳಕ್ಕ ಚಪ್ಪಲಿ ಹುಡುಕುತ್ತಲೇ ಉತ್ತರಿಸುತ್ತಾರೆ. "ನನಗೇನ್ ಬ್ಯಾಡ. ಹದ ಬಂದ್ರೆ ನಾನ್ ಬರೋಗಂಟ ಕಾಯ್ಬೇಕು. ಬರಾಕೆ ಆಗ್ದಿದ್ರೆ ಎರಡೇ ಕುಳದಾಗೆ ಹೊಡೀಬೇಕು. ಜನ ನಕ್ಕರೆ ನಗ್ಲಿ. ನಗು ಸಂಜೆಗೆ ಮರ್ತೋಗ್ತದೆ. ಸೊಂಟ ಮರ್ತೋಗಲ್ಲ." ಒಂದು ಚಪ್ಪಲಿ ಸಿಗುತ್ತದೆ, ಇನ್ನೊಂದು ಎರೆಯೊಳಗೆ ಎಲ್ಲೋ ಇದೆ.

ಸೊಂಟಕ್ಕೆ ಸಿಕ್ಕಿಸಿದ ಫೋನ್ ಹೊಡೆದುಕೊಳ್ಳುತ್ತದೆ. ಬೋರಣ್ಣ. ಬೆಳಗಿನಿಂದ ಎಷ್ಟು ಸಲ ಮಾಡಿದ್ದಾರೋ, ಓಡುವ ಗಡಿಬಿಡಿಯಲ್ಲಿ ಕೇಳಿಸಿಯೇ ಇಲ್ಲ. ಕಾಳಕ್ಕ ಕಿವಿಗೆ ಹಿಡಿಯುತ್ತಾರೆ. ಸಿಕ್ಕಿತಾ, ಬಿಚ್ಚಿದ್ಯಾ, ಎಷ್ಟು ಆಳಕ್ಕೆ ಹೋಗುತ್ತಿದೆ ಎಂದು ದಿನಾ ಕೇಳುವ ಯಾವುದೂ ಇಲ್ಲ. ಬೋರಣ್ಣನ ದನಿ ತೀರಾ ಸಣ್ಣಗೆ ಬರುತ್ತದೆ.

"ಮುಂದೆ ಯಾರು ಕುಂತವ್ರೆ?"

ಆಚೆ ಬದುವಿನಲ್ಲಿ ತಿರುಗಿದ ಟ್ರ್ಯಾಕ್ಟರ್ ಇತ್ತ ಬರುತ್ತಿದೆ. ಬಿಸಿಲು ಅದರ ಮೂತಿಯ ಮೇಲೆ ನೇರ ಬಿದ್ದಿದೆ. ಕಾಳಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು, ಗಂಡನಿಗೆ ಹೇಳುವ ಮುಂಚೆ ಇನ್ನೊಂದು ಸಲ ನೋಡುತ್ತಾರೆ.

"ಯಾರೂ ಇಲ್ಲ ಕಣಪ್ಪ" ಅನ್ನುತ್ತಾರೆ. "ಬರೀ ಬಂಪರ್ ಬರ್ತಾ ಐತೆ."